ಇಳಿವಯಸ್ಸಿನ ವೇಗದ ಬೌಲರುಗಳು: ಉಳಿಸಿಕೊಳ್ಳುವ ಪ್ರಶ್ನೆ

೧

ಕ್ರಿಕೆಟ್ಟಿನಲ್ಲಿ ಎಲ್ಲರಿಗಿಂತ ಬೇಗನೆ ಮುದುಕನೆನ್ನಿಸಿಕೊಳ್ಳುವವನು ವೇಗದ ಬೌಲರನು. ಬ್ಯಾಟುಗಾರನಿಗೆ ಮೂವತ್ತೈದು ತುಂಬಿದರೆ ಅನುಭವ ಹಣ್ಣಾಯಿತೆನ್ನುತ್ತಾರೆ. ಸ್ಪಿನ್ ಬೌಲರನಿಗೆ ಅದೇ ಪ್ರಾಯ ಬಂದರೆ ಕೈ ಪಳಗಿತೆನ್ನುತ್ತಾರೆ. ವೇಗದ ಬೌಲರನಿಗೆ ಮೂವತ್ತೈದಾದೊಡನೆ, ಇವನನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳುವುದೆಂಬ ಮಾತು ಏಳುತ್ತದೆ. ಆ ಮಾತನ್ನು ಎತ್ತುವವರು ಕ್ಲಬ್ಬಿನ ಆಡಳಿತಗಾರರು. ಅದರ ಉತ್ತರವನ್ನು ಅನುಭವಿಸುವವನು ಆಟಗಾರ. ಹದಿನೆಂಟು ಇಪ್ಪತ್ತು ವರ್ಷ ಒಂದೇ ಕಸುಬಿನಲ್ಲಿ ಮೈ ಸವೆಸಿದವನಿಗೆ ಆ ಉತ್ತರದ ಮೇಲೆ ಅನ್ನ, ಮಾನ ಎರಡೂ ನಿಂತಿರುತ್ತವೆ. ಅವನ ಸ್ಥಾನಕ್ಕಾಗಿ ಕಾದು ನಿಂತ ಇಪ್ಪತ್ತರ ಹುಡುಗನ ಭವಿಷ್ಯವೂ ಅದೇ ಉತ್ತರದ ಮೇಲೆ ನಿಂತಿರುತ್ತದೆ. ಪ್ರಶ್ನೆಯ ಕಾಠಿಣ್ಯವಿರುವುದು ಇಲ್ಲಿ: ಇಬ್ಬರ ಹಕ್ಕೂ ನ್ಯಾಯವಾದುದು, ಸ್ಥಾನ ಮಾತ್ರ ಒಂದೇ.

ಈ ಪ್ರಶ್ನೆ ಹೆಚ್ಚು ಕ್ರಮಬದ್ಧವಾಗಿ ಚರ್ಚೆಯಾಗುವುದು ಇಂಗ್ಲೆಂಡಿನ ಕೌಂಟಿ ಕ್ಲಬ್ಬುಗಳಲ್ಲಿ. ಆದರೆ ಅದರ ಒಂದು ಸ್ಪಷ್ಟ ನಿದರ್ಶನ ದೊರೆತದ್ದು ನಮ್ಮ ನೆರೆಯ ಆಂಧ್ರ ಪ್ರದೇಶದ ಕಡಲ ತೀರದಲ್ಲಿ. ೨೦೨೪ರ ಫೆಬ್ರುವರಿ ೨ರಂದು ವಿಶಾಖಪಟ್ಟಣದಲ್ಲಿ ಭಾರತಕ್ಕೂ ಇಂಗ್ಲೆಂಡಿಗೂ ಟೆಸ್ಟು ಪಂದ್ಯ ಆರಂಭವಾದಾಗ, ಲ್ಯಾಂಕಶೈರ್ ಕೌಂಟಿಯ ಜೇಮ್ಸ್ ಆಂಡರ್ಸನ್ ಅವರಿಗೆ ೪೧ ವರ್ಷ ೧೮೭ ದಿನಗಳಾಗಿದ್ದುವು. ಭಾರತದ ನೆಲದಲ್ಲಿ ಟೆಸ್ಟು ಆಡಿದ ವೇಗದ ಬೌಲರುಗಳಲ್ಲಿ ಅವರೇ ಅತ್ಯಂತ ಹಿರಿಯರೆಂದು ಅಂದು ದಾಖಲಾಯಿತು. ಅಲ್ಲಿಯವರೆಗೆ ಆ ಸ್ಥಾನ ಲಾಲಾ ಅಮರನಾಥರದಾಗಿತ್ತು. ಇಂಗ್ಲೆಂಡಿನ ತಂಡದಲ್ಲಿ ಆ ದಿನ ಇದ್ದ ವೇಗದ ಬೌಲರು ಅವರೊಬ್ಬರೇ. ಜೊತೆಯಲ್ಲಿ ಸ್ಪಿನ್ ಹಾಕಿದ ರೆಹಾನ್ ಅಹ್ಮದ್, ಶೋಯಬ್ ಬಶೀರ್ ಇಬ್ಬರೂ ಆಂಡರ್ಸನ್ ೨೦೦೩ರ ಮೇ ತಿಂಗಳಿನಲ್ಲಿ ತಮ್ಮ ಮೊದಲ ಟೆಸ್ಟು ಆಡಿದಾಗ ಇನ್ನೂ ಹುಟ್ಟಿರಲಿಲ್ಲ.

ಆ ಪಂದ್ಯದ ಮೊದಲ ಸರದಿಯಲ್ಲಿ ಆಂಡರ್ಸನ್ ೨೫ ಓವರುಗಳಲ್ಲಿ ೪೭ ರನ್ನು ಕೊಟ್ಟು ೩ ವಿಕೆಟ್ಟು ಪಡೆದರು. ಯಶಸ್ವಿ ಜೈಸ್ವಾಲ್ ೨೦೯ ರನ್ನು ಹೊಡೆದು ಉಳಿದ ಬೌಲರುಗಳನ್ನೆಲ್ಲ ಚದರಿಸಿದ ಸರದಿ ಅದು. ಎರಡನೆಯ ಸರದಿಯಲ್ಲಿ ೨೯ಕ್ಕೆ ೨. ಪಂದ್ಯವನ್ನು ಮಾತ್ರ ೧೦೬ ರನ್ನುಗಳಿಂದ ಭಾರತ ಗೆದ್ದಿತು. ಗೆಲ್ಲಿಸಿದವರು ಒಂಬತ್ತು ವಿಕೆಟ್ಟು ಕಿತ್ತ ಮೂವತ್ತರ ಜಸ್‌ಪ್ರೀತ್ ಬುಮ್ರಾ. ಹಿರಿಯನ ಉಪಯುಕ್ತತೆಗೂ ಪ್ರಾಯದವನ ಪ್ರಾಬಲ್ಯಕ್ಕೂ ಒಂದೇ ಮೈದಾನ ಸಾಕ್ಷಿಯಾಯಿತು. ಉಳಿಸಿಕೊಳ್ಳುವ ವಾದಕ್ಕೂ ಬಿಡುವ ವಾದಕ್ಕೂ ಒಂದೇ ಪಂದ್ಯದಲ್ಲಿ ಆಧಾರ ಸಿಕ್ಕುವುದೆಂದರೆ, ಈ ಪ್ರಶ್ನೆಯನ್ನು ಅಂಕಿಗಳಿಂದ ಮಾತ್ರವೇ ಬಗೆಹರಿಸಲಾಗದೆಂದು ಅರ್ಥ.

೨

ಮೊದಲು ದೇಹದ ಸಂಗತಿಯನ್ನು ನೋಡಬೇಕು. ವೇಗದ ಬೌಲರನು ಓಡಿ ಬಂದು ಮುಂದಿನ ಕಾಲನ್ನು ಊರಿದ ಕ್ಷಣದಲ್ಲಿ ಅವನ ದೇಹತೂಕದ ಐದಾರು ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ದಿನಕ್ಕೆ ಇಪ್ಪತ್ತು ಓವರು ಹಾಕಿದವನು ಈ ಕ್ರಿಯೆಯನ್ನು ನೂರಿಪ್ಪತ್ತು ಸಲ ಮಾಡಿರುತ್ತಾನೆ. ಮನುಷ್ಯದೇಹ ಇದಕ್ಕಾಗಿ ರಚಿತವಾದುದಲ್ಲ.

ಆದರೆ ಹಾನಿಯೆಲ್ಲವೂ ಮುಪ್ಪಿನಲ್ಲೇ ಬರುತ್ತದೆಂಬ ಭಾವನೆ ಸರಿಯಲ್ಲ. ಬೆನ್ನಿನ ಕೆಳಭಾಗದ ಎಲುಬು ಬಿರುಕುಬಿಡುವ ರೋಗ ಹೆಚ್ಚಾಗಿ ಕಾಣುವುದು ಎಲುಬು ಇನ್ನೂ ಬಲಿಯದ ತರುಣರಲ್ಲಿ, ಇಪ್ಪತ್ತು ಇಪ್ಪತ್ತೈದರೊಳಗೆ. ಹತ್ತೊಂಬತ್ತು ವರ್ಷದೊಳಗಿನ ವೇಗದ ಬೌಲರುಗಳಿಗೆ ಒಂದು ಬಾರಿಗೆ ಇಷ್ಟೇ ಓವರು, ಒಂದು ದಿನಕ್ಕೆ ಇಷ್ಟೇ ಓವರು ಎಂದು ಇಂಗ್ಲೆಂಡಿನ ಕ್ರಿಕೆಟ್ ಮಂಡಲಿ ಮಿತಿ ಹಾಕಿರುವುದು ಇದೇ ಕಾರಣದಿಂದ. ಈ ಗಂಡಾಂತರವನ್ನು ದಾಟಿ ಮೂವತ್ತು ಮುಟ್ಟಿದವನ ಬೆನ್ನು ಒಂದು ಅರ್ಥದಲ್ಲಿ ಪರೀಕ್ಷೆಗೊಂಡು ಗಟ್ಟಿಯಾದುದು. ಅವನಿಗೆ ಬರುವ ತೊಂದರೆಗಳು ಬೇರೆ ಬಗೆಯವು: ಮೀನಖಂಡ, ತೊಡೆಯ ಹಿಂಭಾಗದ ಸ್ನಾಯು, ಮೊಣಕಾಲು, ಭುಜ. ಇವು ಎಲುಬಿನ ಬಿರುಕಿನಷ್ಟು ಘೋರವಲ್ಲ. ಆದರೆ ವಾಸಿಯಾಗುವ ಕಾಲ ವರ್ಷದಿಂದ ವರ್ಷಕ್ಕೆ ದೀರ್ಘವಾಗುತ್ತದೆ. ಇಪ್ಪತ್ತೆರಡರಲ್ಲಿ ಒಂದು ರಾತ್ರಿಯ ನಿದ್ದೆಯಿಂದ ತೀರುತ್ತಿದ್ದ ಆಯಾಸಕ್ಕೆ ಮೂವತ್ತೆಂಟರಲ್ಲಿ ಮೂರು ದಿನ ಬೇಕಾಗುತ್ತದೆ. ಆದುದರಿಂದ ಕ್ಲಬ್ಬು ಕೇಳಬೇಕಾದ ಪ್ರಶ್ನೆ ಇವನು ಇನ್ನೂ ಚೆನ್ನಾಗಿ ಹಾಕಬಲ್ಲನೆ ಎಂಬುದಷ್ಟೇ ಅಲ್ಲ. ಚೆನ್ನಾಗಿ ಹಾಕಿದ ನಾಲ್ಕನೆಯ ದಿನ ಮತ್ತೆ ಹಾಕಬಲ್ಲನೆ ಎಂಬುದು.

ವೇಗವೂ ಬೌಲಿಂಗಿನ ಗುಣವೂ ಒಂದೇ ಅಲ್ಲವೆಂಬುದು ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ. ವೇಗ ಕುಂದಿದವನಲ್ಲಿ ಚೆಂಡಿನ ಹೊಲಿಗೆಯನ್ನು ನೆಟ್ಟಗೆ ಹಿಡಿದು ಇಳಿಸುವ ಮಣಿಕಟ್ಟು ಉಳಿದಿರುತ್ತದೆ. ಬ್ಯಾಟುಗಾರನ ಕಾಲಿನ ಚಲನೆಯನ್ನು ಓದುವ ಕಣ್ಣು ಇನ್ನೂ ಹರಿತವಾಗಿರುತ್ತದೆ. ನ್ಯೂಜಿಲೆಂಡಿನ ರಿಚರ್ಡ್ ಹ್ಯಾಡ್ಲಿ ಇದಕ್ಕೆ ಶ್ರೇಷ್ಠವಾದ ಉದಾಹರಣೆ. ನಾಟಿಂಗ್‌ಹ್ಯಾಮ್‌ಶೈರ್ ಕೌಂಟಿಯ ಪರವಾಗಿ ಆಡುತ್ತಿದ್ದ ಅವರು ಮೂವತ್ತರ ಹತ್ತಿರಕ್ಕೆ ಬಂದಾಗ ತಮ್ಮ ಓಟದ ದೂರವನ್ನು ಮೊಟಕುಗೊಳಿಸಿದರು. ವೇಗದ ಬೌಲರನು ಓಟ ಕಡಿಮೆ ಮಾಡುವುದೆಂದರೆ ಸೋಲೊಪ್ಪಿಕೊಂಡಂತೆಂದು ಹಲವರು ಟೀಕಿಸಿದರು. ೧೯೮೧ರಲ್ಲಿ ಅವರು ೧೦೫ ವಿಕೆಟ್ಟು ಪಡೆದರು. ೧೯೨೯ರ ತರುವಾಯ ಮೊದಲನೆಯ ಬಾರಿಗೆ ಆ ಕೌಂಟಿ ಚಾಂಪಿಯನ್ ಆಯಿತು. ೧೯೮೪ರಲ್ಲಿ ೧,೧೭೯ ರನ್ನುಗಳನ್ನೂ ೧೧೭ ವಿಕೆಟ್ಟುಗಳನ್ನೂ ಒಂದೇ ಋತುವಿನಲ್ಲಿ ಗಳಿಸಿದರು. ೧೯೮೭ರಲ್ಲಿ, ತಮ್ಮ ಮೂವತ್ತಾರನೆಯ ವಯಸ್ಸಿನಲ್ಲಿ, ಕೌಂಟಿಗೆ ಮತ್ತೊಮ್ಮೆ ಪ್ರಶಸ್ತಿ ತಂದುಕೊಟ್ಟು ಅಲ್ಲಿಂದ ನಿರ್ಗಮಿಸಿದರು. ಮರುವರ್ಷ ನವೆಂಬರಿನಲ್ಲಿ ಬೆಂಗಳೂರಿನ ಮೈದಾನದಲ್ಲಿ ಅರುಣ್‌ಲಾಲರನ್ನು ಔಟು ಮಾಡಿ ೩೭೪ನೆಯ ಟೆಸ್ಟು ವಿಕೆಟ್ಟು ಪಡೆದು, ಇಯಾನ್ ಬಾಥಮ್ ಅವರ ವಿಶ್ವದಾಖಲೆಯನ್ನು ಮುರಿದುದನ್ನು ಕನ್ನಡನಾಡಿನ ಪ್ರೇಕ್ಷಕರೇ ಕಣ್ಣಾರೆ ಕಂಡರು. ಓಟವನ್ನು ಕುಗ್ಗಿಸಿಕೊಂಡದ್ದರಿಂದ ಅವರ ಆಯುಸ್ಸು ಹಿಗ್ಗಿತು.

೩

ಇನ್ನು ಕೌಂಟಿ ಕ್ಲಬ್ಬಿನ ವ್ಯವಸ್ಥೆಯನ್ನು ತಿಳಿಯಬೇಕು. ಇಂಗ್ಲೆಂಡಿನಲ್ಲಿ ಪ್ರಥಮದರ್ಜೆಯ ಕೌಂಟಿಗಳು ಹದಿನೆಂಟು; ೧೯೯೨ರಲ್ಲಿ ಸೇರಿದ ಡರ್ಹ್ಯಾಮ್ ಇವುಗಳಲ್ಲಿ ಕೊನೆಯದು. ಆಟಗಾರನು ಕ್ಲಬ್ಬಿನ ನೌಕರ. ಒಂದು, ಎರಡು ಅಥವಾ ಮೂರು ವರ್ಷದ ಕರಾರಿನ ಮೇಲೆ ಸಂಬಳ ಪಡೆಯುವವನು. ಕರಾರು ಮುಗಿಯುವ ಬೇಸಗೆಯಲ್ಲಿ ಅದನ್ನು ನವೀಕರಿಸುವರೋ ಇಲ್ಲವೋ ಎಂಬ ಚಿಂತೆ ಅವನ ಪ್ರತಿಯೊಂದು ಓವರಿನ ಬೆನ್ನಿಗೂ ಅಂಟಿಕೊಂಡಿರುತ್ತದೆ.

ಹಿರಿಯ ಆಟಗಾರನಿಗೆ ಆಸರೆಯಾಗಿ ಹಿಂದಿನಿಂದ ನಡೆದುಬಂದದ್ದು ಬೆನಿಫಿಟ್ ವರ್ಷ. ಕ್ಲಬ್ಬಿನ ಟೋಪಿಯ ಮನ್ನಣೆ ಪಡೆದು ಸುಮಾರು ಹತ್ತು ವರ್ಷ ಸೇವೆ ಸಲ್ಲಿಸಿದವನಿಗೆ ಒಂದು ವರ್ಷದ ಮಟ್ಟಿಗೆ ಪಂದ್ಯ, ಔತಣ, ಚಂದಾ ಮೊದಲಾದುವುಗಳಿಂದ ಹಣ ಕೂಡಿಸಲು ಅನುಮತಿ ಕೊಡುತ್ತಾರೆ. ಕೆಂಟ್ ಕೌಂಟಿಯ ಜೇಮ್ಸ್ ಸೆಮೂರ್ ಎಂಬ ಆಟಗಾರನ ಇಂಥ ಹಣಕ್ಕೆ ಆದಾಯ ತೆರಿಗೆ ಹಾಕಬಹುದೇ ಎಂಬ ವ್ಯಾಜ್ಯ ಬ್ರಿಟನ್ನಿನ ಅತ್ಯುಚ್ಚ ನ್ಯಾಯಪೀಠವಾಗಿದ್ದ ಪ್ರಭುಗಳ ಸಭೆಯವರೆಗೆ ಹೋಗಿ, ಅದು ಸಂಬಳವಲ್ಲ, ಅಭಿಮಾನಿಗಳ ಕೊಡುಗೆ, ಆದುದರಿಂದ ತೆರಿಗೆಗೆ ಒಳಪಡದು ಎಂದು ೧೯೨೭ರಲ್ಲಿ ತೀರ್ಪಾಯಿತು. ೨೦೧೭ರ ಏಪ್ರಿಲ್ಲಿನಿಂದ ಈ ವಿನಾಯಿತಿಗೆ ಒಂದು ಲಕ್ಷ ಪೌಂಡಿನ ಮಿತಿ ಬಂದಿತು. ಈ ಪದ್ಧತಿಯಲ್ಲಿ ಒಂದು ಒಳಸುಳಿಯೂ ಇದೆ. ಮೂವತ್ತೆರಡು ಮೂವತ್ತಮೂರರ ಬೌಲರನು ದೇಹ ಬೇಡವೆಂದರೂ ಬೆನಿಫಿಟ್ ದೊರೆಯುವತನಕ ಹೇಗೋ ದಿನ ತಳ್ಳಬೇಕೆನಿಸುತ್ತದೆ. ಅದನ್ನು ಕೊಟ್ಟ ಮೇಲೆ ಋಣ ತೀರಿತೆಂದು ಕ್ಲಬ್ಬಿಗೂ ಅನ್ನಿಸಿಬಿಡುತ್ತದೆ.

ಇತ್ತೀಚಿನ ದಶಕಗಳಲ್ಲಿ ತಕ್ಕಡಿಗೆ ಬೇರೆ ಬಟ್ಟುಗಳೂ ಬಿದ್ದಿವೆ. ೨೦೦೦ದಲ್ಲಿ ಕೌಂಟಿ ಚಾಂಪಿಯನ್‌ಷಿಪ್ಪು ಎರಡು ವಿಭಾಗಗಳಾಗಿ ಒಡೆಯಿತು. ಕೆಳ ವಿಭಾಗಕ್ಕೆ ಜಾರುವ ಭೀತಿ ಹುಟ್ಟಿದಂದಿನಿಂದ, ಕಲಿಯುತ್ತಿರುವ ಹುಡುಗನಿಗಿಂತ ಕಲಿತು ಮುಗಿಸಿದ ಹಿರಿಯನೇ ಮೇಲೆಂಬ ಭಾವನೆ ಬಲಿಯಿತು. ೨೦೦೩ರಲ್ಲಿ ಯೂರೋಪಿನ ನ್ಯಾಯಾಲಯ ಮಾರೋಸ್ ಕೊಲ್ಪಾಕ್ ಎಂಬ ಸ್ಲೊವಾಕಿಯದ ಹ್ಯಾಂಡ್‌ಬಾಲ್ ಆಟಗಾರನ ಪರವಾಗಿ ಕೊಟ್ಟ ತೀರ್ಪಿನ ಫಲವಾಗಿ ದಕ್ಷಿಣ ಆಫ್ರಿಕ ಮೊದಲಾದ ದೇಶಗಳ ನುರಿತ ಬೌಲರುಗಳು ವಿದೇಶೀಯರೆಂಬ ಲೆಕ್ಕಕ್ಕೆ ಸೇರದೆ ಕೌಂಟಿಗಳಲ್ಲಿ ಆಡತೊಡಗಿದರು. ಬ್ರಿಟನ್ ಯೂರೋಪಿನ ಒಕ್ಕೂಟದಿಂದ ಹೊರಬಂದುದರಿಂದ ೨೦೨೦ರ ಕೊನೆಗೆ ಆ ಬಾಗಿಲು ಮುಚ್ಚಿತು. ಇದಕ್ಕೆ ಎದುರಾಗಿ, ಇಂಗ್ಲೆಂಡಿಗೆ ಆಡುವ ಅರ್ಹತೆಯುಳ್ಳ ಎಳೆಯರನ್ನು ಕಣಕ್ಕಿಳಿಸಿದ ಕೌಂಟಿಗೆ ಮಂಡಲಿಯಿಂದ ಹೆಚ್ಚಿನ ಹಣ ಸಲ್ಲುವ ಏರ್ಪಾಡೂ ಬಂದಿತು. ಹೀಗೆ ಒಂದು ಕೈ ಹಿರಿಯನನ್ನು ಒಳಕ್ಕೆ ಸೆಳೆದರೆ ಇನ್ನೊಂದು ಕೈ ಹೊರಕ್ಕೆ ನೂಕುತ್ತದೆ. ನಡುವೆ ಸಿಕ್ಕಿಕೊಂಡಿರುವುದು ಕ್ಲಬ್ಬಿನ ತೀರ್ಮಾನ.

೪

ಆ ತೀರ್ಮಾನ ಹೇಗೆ ತಪ್ಪಬಹುದು, ಹೇಗೆ ಸರಿಹೋಗಬಹುದು ಎಂಬುದಕ್ಕೆ ಕೌಂಟಿಗಳ ಚರಿತ್ರೆಯಲ್ಲಿ ನಿದರ್ಶನಗಳಿಗೆ ಬರವಿಲ್ಲ.

ಹ್ಯಾಂಪ್‌ಶೈರಿನ ಡೆರಿಕ್ ಶಾಕಲ್ಟನ್ ವೇಗಕ್ಕಿಂತ ಖಚಿತತೆಗೆ ಹೆಸರಾದ ಮಧ್ಯಮ ವೇಗದ ಬೌಲರು. ೧೯೪೯ರಿಂದ ೧೯೬೮ರವರೆಗೆ ಸತತ ಇಪ್ಪತ್ತು ಋತುಗಳಲ್ಲಿ ಪ್ರತಿಯೊಂದರಲ್ಲಿಯೂ ನೂರಕ್ಕೆ ಕಡಿಮೆಯಿಲ್ಲದಂತೆ ವಿಕೆಟ್ಟು ಪಡೆದರು. ಒಟ್ಟು ಗಳಿಕೆ ೨,೮೫೭. ೧೯೫೧-೫೨ರಲ್ಲಿ ಭಾರತದಲ್ಲಿ ಟೆಸ್ಟು ಆಡಿದ್ದ ಅವರನ್ನು ೧೯೬೩ರಲ್ಲಿ, ಮೂವತ್ತೆಂಟನೆಯ ವಯಸ್ಸಿನಲ್ಲಿ, ಇಂಗ್ಲೆಂಡು ಮತ್ತೆ ಕರೆಸಿಕೊಂಡಿತು. ವಯಸ್ಸನ್ನೇ ಗಡುವಾಗಿ ಇಟ್ಟುಕೊಂಡಿದ್ದ ಕ್ಲಬ್ಬು ಇಂಥವರನ್ನು ಮೂವತ್ತೈದಕ್ಕೇ ಕಳೆದುಕೊಳ್ಳುತ್ತಿತ್ತು.

ಲ್ಯಾಂಕಶೈರಿನ ಬ್ರಯನ್ ಸ್ಟೇಥಮ್ ಇನ್ನೊಂದು ಬಗೆ. ೧೯೬೮ರ ಆಗಸ್ಟಿನಲ್ಲಿ ಯಾರ್ಕ್‌ಶೈರಿನ ಎದುರಿಗೆ ತಮ್ಮ ಕೊನೆಯ ಪಂದ್ಯವಾಡಿ ೩೪ಕ್ಕೆ ೬ ವಿಕೆಟ್ಟು ಪಡೆದರು. ಇನ್ನೂ ಆಡಬಹುದಾಗಿತ್ತೆಂದು ಜನ ಹೇಳುತ್ತಿರುವಾಗಲೇ ನಿಲ್ಲಿಸಿದರು. ಅದೇ ವರ್ಷ ಯಾರ್ಕ್‌ಶೈರಿನಲ್ಲಿ ನಡೆದುದು ಇದಕ್ಕೆ ವಿರುದ್ಧವಾದ ಕಥೆ. ಮೂವತ್ತಾರರ ರೇ ಇಲಿಂಗ್‌ವರ್ತ್ ತಮಗೆ ಒಂದಕ್ಕಿಂತ ಹೆಚ್ಚು ವರ್ಷದ ಕರಾರಿನ ಭದ್ರತೆ ಬೇಕೆಂದು ಕೇಳಿದರು. ಆ ಕ್ಲಬ್ಬು ಕೊಡಲೊಪ್ಪದೆ ಹೋಗಗೊಟ್ಟಿತು. ಇಲಿಂಗ್‌ವರ್ತ್ ವೇಗದವರಲ್ಲ, ಸ್ಪಿನ್ ಬೌಲರು. ಆದರೂ ಇಲ್ಲಿಯ ಪಾಠ ಎಲ್ಲರಿಗೂ ಅನ್ವಯಿಸುವಂಥದು. ಲೆಸ್ಟರ್‌ಶೈರಿಗೆ ಹೋದ ಅವರು ಮರುವರ್ಷವೇ ಇಂಗ್ಲೆಂಡಿನ ನಾಯಕರಾದರು; ೧೯೭೫ರಲ್ಲಿ ಲೆಸ್ಟರ್‌ಶೈರಿಗೆ ಅದರ ಮೊತ್ತಮೊದಲ ಚಾಂಪಿಯನ್‌ಷಿಪ್ಪನ್ನು ಗೆದ್ದುಕೊಟ್ಟರು. ಯಾರ್ಕ್‌ಶೈರು ಕಳೆದುಕೊಂಡದ್ದು ಒಬ್ಬ ಬೌಲರನನ್ನಷ್ಟೇ ಅಲ್ಲ, ಒಂದು ಬುದ್ಧಿಯನ್ನು.

ಕೆಂಟ್ ಕೌಂಟಿಯ ಡ್ಯಾರೆನ್ ಸ್ಟೀವನ್ಸ್ ಅವರ ಪ್ರಸಂಗ ಇನ್ನೂ ಬೋಧಪ್ರದವಾದುದು. ಮಧ್ಯಮ ವೇಗದ ಬೌಲಿಂಗೂ ಬ್ಯಾಟಿಂಗೂ ಬಲ್ಲ ಅವರಿಗೆ ೨೦೧೯ರಲ್ಲಿ ನಲವತ್ತಮೂರು ವರ್ಷ. ಋತುವಿನ ಕೊನೆಗೆ ಅವರನ್ನು ಬಿಟ್ಟುಬಿಡಲು ಕ್ಲಬ್ಬು ನಿಶ್ಚಯಿಸಿತ್ತು. ಆ ಸೆಪ್ಟೆಂಬರಿನಲ್ಲಿ ಅವರು ಯಾರ್ಕ್‌ಶೈರಿನ ಮೇಲೆ ೨೩೭ ರನ್ನು ಹೊಡೆದು, ಅದೇ ಪಂದ್ಯದಲ್ಲಿ ೨೦ಕ್ಕೆ ೫ ವಿಕೆಟ್ಟು ಪಡೆದರು. ಕ್ಲಬ್ಬು ತನ್ನ ನಿಶ್ಚಯವನ್ನು ಹಿಂದಕ್ಕೆ ತೆಗೆದುಕೊಂಡು ಹೊಸ ಕರಾರು ಬರೆಯಿತು. ೨೦೨೧ರ ವಿಸ್ಡನ್ ವಾರ್ಷಿಕ ಅವರನ್ನು ವರ್ಷದ ಐವರು ಕ್ರಿಕೆಟಿಗರಲ್ಲಿ ಒಬ್ಬರೆಂದು ಹೆಸರಿಸಿತು. ೨೦೨೨ರಲ್ಲಿ, ನಲವತ್ತಾರನೆಯ ವಯಸ್ಸಿನಲ್ಲಿ, ಕೆಂಟ್ ಒಂದು ದಿನದ ಪಂದ್ಯಗಳ ಕಪ್ಪನ್ನು ಗೆದ್ದ ತಂಡದಲ್ಲಿದ್ದು ಅವರು ಕ್ಲಬ್ಬನ್ನು ಬಿಟ್ಟರು. ತೀರ್ಮಾನ ಬದಲಾಯಿಸಿದ ಕ್ಲಬ್ಬನ್ನು ಚಂಚಲವೆಂದು ಹಳಿಯುವುದು ಸುಲಭ. ಸಾಕ್ಷ್ಯ ಬದಲಾದಾಗ ತೀರ್ಮಾನವೂ ಬದಲಾಗಬೇಕೆಂಬುದೇ ವಿವೇಕ.

ಲ್ಯಾಂಕಶೈರಿನ ಗ್ಲೆನ್ ಚಾಪಲ್ ಕೌಂಟಿ ಜೀವನದ ಒಳ್ಳೆಯ ಪ್ರತಿನಿಧಿ. ೨೦೧೧ರಲ್ಲಿ ಮೂವತ್ತೇಳರ ಚಾಪಲ್ ನಾಯಕರಾಗಿ, ತೊಡೆಯ ಸ್ನಾಯು ನೊಂದಿದ್ದರೂ ಕೊನೆಯ ಪಂದ್ಯದಲ್ಲಿ ಬೌಲಿಂಗ್ ಮಾಡಿದರು. ೧೯೩೪ರ ಅನಂತರ ಲ್ಯಾಂಕಶೈರು ಮೊದಲ ಬಾರಿಗೆ, ಮತ್ತಾರೊಡನೆಯೂ ಹಂಚಿಕೊಳ್ಳದೆ, ಚಾಂಪಿಯನ್ ಆಯಿತು. ೨೦೧೫ರಲ್ಲಿ ಆಟ ನಿಲ್ಲಿಸಿದಾಗ ಅವರ ಪ್ರಥಮದರ್ಜೆಯ ವಿಕೆಟ್ಟುಗಳು ೯೮೫. ಸಾವಿರಕ್ಕೆ ಹದಿನೈದು ಕಡಿಮೆ. ಆ ಹದಿನೈದಕ್ಕಾಗಿ ಅವರನ್ನು ಇನ್ನೊಂದು ಋತು ಆಡಿಸಲಿಲ್ಲ. ಆದರೆ ಹಾಗೆಯೇ ಕೈಬಿಡಲೂ ಇಲ್ಲ. ಮುಂದೆ ಅದೇ ಕ್ಲಬ್ಬಿನ ಮುಖ್ಯ ತರಬೇತುದಾರರಾದರು. ದಾಖಲೆಗಾಗಿ ಸ್ಥಾನ ಕೊಡದೆ, ವಿದ್ಯೆಗಾಗಿ ಸ್ಥಾನ ಕೊಟ್ಟದ್ದು ಇಲ್ಲಿಯ ವಿಶೇಷ.

೫

ಇನ್ನು ನಮ್ಮ ಕಡೆಗೆ ತಿರುಗಬಹುದು. ಆಂಧ್ರ ಕ್ರಿಕೆಟ್ ಸಂಸ್ಥೆ ಹುಟ್ಟಿದ್ದು ೧೯೫೩ರಲ್ಲಿ, ಆಂಧ್ರ ರಾಜ್ಯ ಹುಟ್ಟಿದ ವರ್ಷವೇ. ಆ ಋತುವಿನಲ್ಲಿಯೇ ರಣಜಿ ಪಂದ್ಯಾವಳಿಗಿಳಿದ ಹೊಸ ತಂಡಕ್ಕೆ ನಾಯಕರಾಗಿ ಬಂದವರು ಸಿ. ಕೆ. ನಾಯುಡು. ೧೯೩೨ರಲ್ಲಿ ಭಾರತದ ಮೊದಲ ಟೆಸ್ಟು ತಂಡವನ್ನು ನಡೆಸಿದ್ದ ಅವರಿಗೆ ಆಗ ಐವತ್ತೆಂಟು ವರ್ಷ. ರನ್ನಿಗಾಗಿ, ವಿಕೆಟ್ಟಿಗಾಗಿ ಅವರನ್ನು ಕರೆಯಲಿಲ್ಲವೆಂಬುದು ಸ್ಪಷ್ಟ. ಹೊಸ ಮನೆಗೆ ಒಬ್ಬ ಹಿರಿಯ ಬೇಕಾಗಿತ್ತು. ಕ್ರಿಕೆಟ್ಟಿನಲ್ಲಿ ವಯಸ್ಸಿಗೂ ಒಂದು ಬೆಲೆಯಿದೆಯೆಂದು ಆಂಧ್ರ ತಂಡ ತನ್ನ ಮೊದಲ ಹೆಜ್ಜೆಯಲ್ಲಿಯೇ ಒಪ್ಪಿಕೊಂಡಿತು.

ಆದರೆ ಭಾರತದ ರಾಜ್ಯ ಸಂಸ್ಥೆಗೂ ಇಂಗ್ಲೆಂಡಿನ ಕೌಂಟಿಗೂ ರಚನೆಯಲ್ಲಿಯೇ ಭೇದವಿದೆ. ಇಲ್ಲಿ ಆಟಗಾರನು ರಾಜ್ಯ ಸಂಸ್ಥೆಯ ಸಂಬಳದಾಳಲ್ಲ. ಆಯ್ಕೆ ಸಮಿತಿ ಋತುವಿಗೊಮ್ಮೆ, ಕೆಲವೊಮ್ಮೆ ಪಂದ್ಯಕ್ಕೊಮ್ಮೆ ತಂಡವನ್ನಾರಿಸುತ್ತದೆ. ಆಡಿದ ದಿನಕ್ಕೆ ಸಂಭಾವನೆ. ೨೦೨೧ರಲ್ಲಿ ಭಾರತೀಯ ಕ್ರಿಕೆಟ್ ಮಂಡಲಿ ನಿಗದಿ ಮಾಡಿದಂತೆ, ನಲವತ್ತಕ್ಕಿಂತ ಹೆಚ್ಚು ಪಂದ್ಯವಾಡಿದವನಿಗೆ ದಿನಕ್ಕೆ ೬೦,೦೦೦ ರೂಪಾಯಿ, ಇಪ್ಪತ್ತರವರೆಗೆ ಆಡಿದವನಿಗೆ ೪೦,೦೦೦. ನಾಲ್ಕು ದಿನದ ಒಂದು ರಣಜಿ ಪಂದ್ಯಕ್ಕೆ ಹಿರಿಯನಿಗೆ ೨,೪೦,೦೦೦ ರೂಪಾಯಿ ಬರುತ್ತದೆ. ಹನ್ನೊಂದರ ಪಟ್ಟಿಯಿಂದ ಹೆಸರು ಹೊರಬಿದ್ದ ದಿನ ಆ ಹಣವೂ ನಿಲ್ಲುತ್ತದೆ. ಕರಾರಿಲ್ಲದ ಕಡೆ ಕರಾರು ಮುಗಿಸುವ ಮಾತೇ ಇಲ್ಲ. ಹಾಗಾಗಿ, ನಿನ್ನ ಕಾಲ ಮುಗಿಯಿತೆಂದು ಬಾಯಿಬಿಟ್ಟು ಹೇಳುವ ಹೊಣೆಯೂ ಯಾರ ಮೇಲೂ ಇರುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿರುವುದೇ ಉತ್ತರ.

ಕರ್ನಾಟಕದ ಆರ್. ವಿನಯಕುಮಾರ್ ಅವರ ಬಾಳು ಇದಕ್ಕೆ ಹತ್ತಿರದ ದೃಷ್ಟಾಂತ. ದಾವಣಗೆರೆಯಿಂದ ಬಂದ ಈ ಬೌಲರು ಭಾರೀ ವೇಗದವರಲ್ಲ. ಚೆಂಡನ್ನು ಹೊರಳಿಸುವ ಚಳಕವೇ ಅವರ ಬಂಡವಾಳ. ಅವರ ನಾಯಕತ್ವದಲ್ಲಿ ಕರ್ನಾಟಕ ೨೦೧೩-೧೪, ೨೦೧೪-೧೫ ಎರಡೂ ಋತುಗಳಲ್ಲಿ ರಣಜಿ ಪ್ರಶಸ್ತಿ ಗೆದ್ದಿತು. ೨೦೧೭ರ ಡಿಸೆಂಬರಿನಲ್ಲಿ, ಮೂವತ್ತಮೂರು ದಾಟಿದ್ದಾಗ, ನಾಗಪುರದಲ್ಲಿ ಮುಂಬಯಿಯ ಎದುರಿಗೆ ಹ್ಯಾಟ್ರಿಕ್ ಸಹಿತ ೩೪ಕ್ಕೆ ೬ ವಿಕೆಟ್ಟು ಪಡೆದರು. ೨೦೧೯ರಲ್ಲಿ, ಮೂವತ್ತೈದರಲ್ಲಿ, ತವರು ತಂಡವನ್ನು ಬಿಟ್ಟು ಹೊಸದಾಗಿ ರಣಜಿಗೆ ಸೇರಿದ್ದ ಪುದುಚೇರಿಗೆ ಹೋದರು. ೨೦೨೧ರ ಫೆಬ್ರುವರಿಯಲ್ಲಿ ನಿವೃತ್ತರಾದರು. ಪ್ರಥಮದರ್ಜೆಯಲ್ಲಿ ೫೦೪ ವಿಕೆಟ್ಟು. ಅದರಲ್ಲಿ ರಣಜಿಯಲ್ಲಿಯೇ ೪೪೨, ವೇಗದ ಬೌಲರುಗಳಲ್ಲಿ ಅತ್ಯಧಿಕ. ಹೊರರಾಜ್ಯದ ಆಟಗಾರರನ್ನು ಅತಿಥಿಗಳಾಗಿ ಸೇರಿಸಿಕೊಳ್ಳಲು ರಣಜಿಯ ನಿಯಮದಲ್ಲಿರುವ ಅವಕಾಶ, ಕೌಂಟಿಗಳ ಕರಾರು ಮಾಡಬೇಕಾದ ಕೆಲಸದ ಒಂದಂಶವನ್ನು ಇಲ್ಲಿ ಮಾಡುತ್ತಿದೆ. ಬಲವಾದ ತಂಡಕ್ಕೆ ಹೆಚ್ಚಾದ ಹಿರಿಯನು ಎಳೆಯ ತಂಡಕ್ಕೆ ಆಧಾರವಾಗುತ್ತಾನೆ. ೧೯೫೩ರಲ್ಲಿ ನಾಯುಡು ಆಂಧ್ರಕ್ಕೆ ಬಂದುದೂ ಇದೇ ತತ್ತ್ವದ ಮೇಲೆ.

ಹಿರಿಯನನ್ನು ಉಳಿಸಿಕೊಂಡದ್ದಕ್ಕೆ ತೆರಬೇಕಾದ ಬೆಲೆಯನ್ನೂ ಕನ್ನಡಿಗರು ಚೆನ್ನಾಗಿ ಬಲ್ಲರು. ಮೈಸೂರಿನ ಜಾವಗಲ್ ಶ್ರೀನಾಥ್ ತಮ್ಮ ಮೊದಲ ಟೆಸ್ಟನ್ನು ೧೯೯೧ರ ಕೊನೆಯಲ್ಲಿ ಆಸ್ಟ್ರೇಲಿಯದಲ್ಲಿ ಆಡಿದರು. ಸ್ವದೇಶದಲ್ಲಿ ಅವರಿಗೆ ಟೆಸ್ಟು ಆಡುವ ಅವಕಾಶ ದೊರೆತದ್ದು ೧೯೯೪ರ ನವೆಂಬರಿನಲ್ಲಿ, ಮುಂಬಯಿಯಲ್ಲಿ. ನಡುವಿನ ಸುಮಾರು ಮೂರು ವರ್ಷ ಸ್ವದೇಶದ ಪಿಚ್ಚುಗಳ ಮೇಲೆ ಸ್ಪಿನ್ನಿಗೆ ಪ್ರಾಧಾನ್ಯ. ಹೊಸ ಚೆಂಡಿಗೆ ಇದ್ದ ಕೊಂಚ ಸ್ಥಳವನ್ನು ಕಪಿಲ್‌ದೇವ್ ಮೊದಲಾದ ಹಿರಿಯರು ತುಂಬಿದ್ದರು. ೧೯೯೪ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಕಪಿಲ್ ಹ್ಯಾಡ್ಲಿಯವರ ೪೩೧ ವಿಕೆಟ್ಟುಗಳ ದಾಖಲೆಯನ್ನು ಸರಿಗಟ್ಟಿ, ಮರುತಿಂಗಳು ಅಹಮದಾಬಾದಿನಲ್ಲಿ ಅದನ್ನು ದಾಟಿದರು. ದೇಶವೆಲ್ಲ ಸಂತೋಷಪಟ್ಟ ಗಳಿಗೆ ಅದು, ಸಂತೋಷ ಪಡಬೇಕಾದುದೇ. ಆದರೆ ಆ ಚಳಿಗಾಲದಲ್ಲಿ ಇಪ್ಪತ್ತನಾಲ್ಕು ತುಂಬಿದ, ದೇಶದಲ್ಲೇ ವೇಗಶಾಲಿಯಾದ ಬೌಲರೊಬ್ಬರು ಹನ್ನೊಂದರ ಹೊರಗೆ ಕುಳಿತಿದ್ದರೆಂಬುದೂ ಅಷ್ಟೇ ನಿಜ. ವೇಗದ ಬೌಲರನಿಗೆ ಇಪ್ಪತ್ತೆರಡರಿಂದ ಇಪ್ಪತ್ತೈದರವರೆಗಿನ ವರ್ಷಗಳು ಮತ್ತೆ ಬರುವಂಥವಲ್ಲ. ಅವಕಾಶ ದೊರೆತ ಮೇಲೆ ಶ್ರೀನಾಥರು ೧೯೯೫ರಲ್ಲಿ ಗ್ಲಾಸ್ಟರ್‌ಶೈರ್ ಕೌಂಟಿಗೆ ೮೭ ವಿಕೆಟ್ಟು ಗಳಿಸಿಕೊಟ್ಟರು. ಟೆಸ್ಟುಗಳಲ್ಲಿ ೨೩೬ ವಿಕೆಟ್ಟು ಪಡೆದರು.

ವಿಧಿಯ ವಿನೋದವೆಂಬಂತೆ, ಕೊನೆಗೆ ಶ್ರೀನಾಥರೇ ಹಿರಿಯರ ಸ್ಥಾನಕ್ಕೆ ಬಂದರು. ೨೦೦೨ರಲ್ಲಿ ಟೆಸ್ಟಿನಿಂದ ನಿವೃತ್ತಿ ಘೋಷಿಸಿದ ಅವರನ್ನು ನಾಯಕ ಸೌರವ್ ಗಂಗೂಲಿ ಒತ್ತಾಯಿಸಿ ಹಿಂದಕ್ಕೆ ಕರೆತಂದರು. ೨೦೦೩ರ ವಿಶ್ವಕಪ್ಪಿನಲ್ಲಿ, ಮೂವತ್ತಮೂರರಲ್ಲಿ, ೧೬ ವಿಕೆಟ್ಟು ಪಡೆದು ಅವರು ಆಟ ಮುಗಿಸಿದರು. ಆಗ ಅವರ ಜೊತೆಯಲ್ಲಿ ಚೆಂಡು ಹಂಚಿಕೊಂಡವರು ಜಹೀರ್ ಖಾನ್, ಆಶಿಶ್ ನೆಹ್ರಾ ಎಂಬ 'ಇಪ್ಪತ್ತರ ಹರೆಯದ' ಎಡಗೈ ಬೌಲರುಗಳು. ಇಲ್ಲಿ ಹಿರಿಯನು ಕಿರಿಯರ ದಾರಿಗೆ ಅಡ್ಡವಾಗಲಿಲ್ಲ, ಜೊತೆಯಾದನು. ಹಿರಿಯನನ್ನು ಉಳಿಸಿಕೊಳ್ಳುವುದರಲ್ಲಿ ಎರಡು ವಿಧವಿದೆಯೆಂಬುದನ್ನು ಒಬ್ಬರದೇ ಜೀವನದ ಎರಡು ತುದಿಗಳು ತೋರಿಸುತ್ತವೆ.

೬

ಹವೆಗೂ ನೆಲಕ್ಕೂ ಈ ಪ್ರಶ್ನೆಯಲ್ಲಿ ದೊಡ್ಡ ಪಾತ್ರವಿದೆ. ಇಂಗ್ಲೆಂಡಿನಲ್ಲಿ ಏಪ್ರಿಲ್ ಮೇ ತಿಂಗಳುಗಳ ತೇವದ ಹವೆ, ಹಸಿರು ಪಿಚ್ಚು, ಹೊಲಿಗೆ ಎದ್ದು ನಿಂತ ಡ್ಯೂಕ್ಸ್ ಚೆಂಡು, ಈ ಮೂರೂ ವೇಗ ಕಳೆದುಕೊಂಡವನ ಪಕ್ಷಪಾತಿಗಳು. ಅಲ್ಲಿ ಹದವರಿತು ಹಾಕಿದರೆ ಚೆಂಡು ತಾನೇ ಕೆಲಸ ಮಾಡುತ್ತದೆ. ಶಾಕಲ್ಟನ್, ಸ್ಟೀವನ್ಸ್ ಮೊದಲಾದವರ ದೀರ್ಘಾಯುಸ್ಸಿಗೆ ಅವರ ಶಿಸ್ತಿನಷ್ಟೇ ಆ ದೇಶದ ಮೋಡವೂ ಕಾರಣ.

ಕೃಷ್ಣಾ ತೀರದ ವಿಜಯವಾಡದಲ್ಲಿ ಈ ಅನುಕೂಲವಿಲ್ಲ. ಬೇಸಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು ಅದು. ಕ್ರಿಕೆಟ್ಟಿನ ಋತು ಚಳಿಗಾಲದ್ದಾದರೂ ನೆಲ ಒಣಗಿದ್ದು, ಚೆಂಡಿನ ಹೊಳಪು ಬೇಗ ಹಾರಿಹೋಗುತ್ತದೆ. ಕಡಲಂಚಿನ ವಿಶಾಖಪಟ್ಟಣದಲ್ಲಿ ಸೆಕೆ ಮೈಯನ್ನು ಹಿಂಡುತ್ತದೆ. ಮಧ್ಯಾಹ್ನದ ಬೌಲರನು ಅಂಗಿ ತೊಯ್ದು ಒಗೆದ ಬಟ್ಟೆಯಂತಾಗುತ್ತಾನೆ. ಇಂಥ ಕಡೆ ಹಿರಿಯನಿಗೆ ಉಳಿದಿರುವುದು ಎರಡೇ ಆಯುಧ: ಹಳೆಯ ಚೆಂಡನ್ನು ಒಳಕ್ಕೆ ಹೊರಳಿಸುವ ವಿದ್ಯೆ, ಮತ್ತು ರನ್ನು ಬಿಟ್ಟುಕೊಡದ ತಾಳ್ಮೆ. ಆಂಡರ್ಸನ್ ವಿಶಾಖಪಟ್ಟಣದಲ್ಲಿ ಓವರಿಗೆ ಎರಡು ರನ್ನನ್ನೂ ಮುಟ್ಟದಂತೆ ೨೫ ಓವರು ಹಾಕಿದ್ದು ಈ ತಾಳ್ಮೆಯಿಂದಲೇ. ಕೌಂಟಿಯಲ್ಲಿ ಪಳಗಿದ ವಿದ್ಯೆ ಅಲ್ಲಿ ಪರೀಕ್ಷೆಗೆ ನಿಂತಿತು, ತೇರ್ಗಡೆಯೂ ಆಯಿತು.

ಆದರೂ ಅವರ ದೇಶದ ಆಯ್ಕೆಗಾರರು ಬೇರೆ ಲೆಕ್ಕ ಹಾಕಿದರು. ೨೦೨೪ರ ಮಾರ್ಚಿನಲ್ಲಿ ಧರ್ಮಶಾಲೆಯಲ್ಲಿ ೭೦೦ನೆಯ ಟೆಸ್ಟು ವಿಕೆಟ್ಟು ಪಡೆದ ಆಂಡರ್ಸನ್, ಮುಂದಿನ ವರ್ಷಗಳಿಗಾಗಿ ಹೊಸಬರನ್ನು ಸಿದ್ಧಪಡಿಸಬೇಕಾಗಿದೆಯೆಂಬ ಆಯ್ಕೆಗಾರರ ಮಾತಿನ ಮೇಲೆ ಲಾರ್ಡ್ಸಿನ ಜುಲೈ ಟೆಸ್ಟೇ ತಮ್ಮ ಕೊನೆಯದೆಂದು ಮೇ ತಿಂಗಳಿನಲ್ಲಿ ಪ್ರಕಟಿಸಿದರು. ಆ ಟೆಸ್ಟಿಗೆ ಕೆಲವೇ ದಿನ ಮುಂಚೆ ಲ್ಯಾಂಕಶೈರಿಗಾಗಿ ೩೫ಕ್ಕೆ ೭ ವಿಕೆಟ್ಟು ಕಿತ್ತರು. ಬಿಡುವುದು ತಪ್ಪೆನ್ನುವವರಿಗೆ ಇದಕ್ಕಿಂತ ಬೇರೆ ಆಧಾರ ಬೇಡ. ಆದರೆ ಲಾರ್ಡ್ಸಿನ ಅದೇ ಪಂದ್ಯದಲ್ಲಿ ಮೊದಲ ಟೆಸ್ಟು ಆಡಿದ ಇಪ್ಪತ್ತಾರರ ಗಸ್ ಅಟ್ಕಿನ್‌ಸನ್ ೧೨ ವಿಕೆಟ್ಟು ಪಡೆದರು. ಬಿಡುವುದು ಸರಿಯೆನ್ನುವವರಿಗೂ ಇದಕ್ಕಿಂತ ಬೇರೆ ಆಧಾರ ಬೇಡ. ೭೦೪ ವಿಕೆಟ್ಟುಗಳೊಡನೆ ಟೆಸ್ಟು ಬಿಟ್ಟ ಆಂಡರ್ಸನ್‌ರೊಡನೆ, ಕೆಳ ವಿಭಾಗಕ್ಕೆ ಜಾರಿದ್ದ ಲ್ಯಾಂಕಶೈರು ೨೦೨೫ರ ಜನವರಿಯಲ್ಲಿ ಒಂದು ವರ್ಷದ ಕರಾರು ಮಾಡಿಕೊಂಡಿತು; ಆ ಋತುವಿನಲ್ಲಿ ಅವರು ತಂಡದ ನಾಯಕತ್ವವನ್ನೂ ಕೆಲಕಾಲ ವಹಿಸಿದರು. ದೇಶದ ತಂಡಕ್ಕೆ ನಾಳೆ ಮುಖ್ಯ. ಕೌಂಟಿಗೆ ಈ ಋತು ಮುಖ್ಯ. ಒಬ್ಬನೇ ಬೌಲರನ ವಿಷಯದಲ್ಲಿ ಎರಡು ಸಂಸ್ಥೆಗಳು ವಿರುದ್ಧವಾದ ತೀರ್ಮಾನ ಕೈಗೊಂಡರೂ ಎರಡೂ ತಮ್ಮ ತಮ್ಮ ದೃಷ್ಟಿಯಿಂದ ಸರಿಯಾಗಿರಬಹುದು.

೭

ಮೇಲಿನ ನಿದರ್ಶನಗಳಿಂದ ಕೆಲವು ತತ್ತ್ವಗಳನ್ನು ಹಿಂಡಿ ತೆಗೆಯಬಹುದು. ಮೊದಲನೆಯದು, ಹುಟ್ಟಿದ ವರ್ಷ ಅಳತೆಗೋಲಾಗಬಾರದು; ಎರಡು ಪಂದ್ಯಗಳ ನಡುವೆ ದೇಹ ಚೇತರಿಸಿಕೊಳ್ಳುವ ರೀತಿಯೇ ಅಳತೆಗೋಲಾಗಬೇಕು. ಎರಡನೆಯದು, ಹಿರಿಯನು ಉಳಿದರೆ ಯಾರು ಹೊರಗುಳಿಯುತ್ತಾರೆಂಬುದನ್ನು ಹೆಸರು ಹಿಡಿದು ಕೇಳಬೇಕು. ಹೊರಗುಳಿಯುವವನು ಶ್ರೀನಾಥನಂಥವನಾದರೆ ಹಿರಿಯನ ಹತ್ತು ವಿಕೆಟ್ಟು ದುಬಾರಿ. ಯಾರೂ ಸಿದ್ಧರಿಲ್ಲದಿದ್ದರೆ ಅವನ ಐದೇ ವಿಕೆಟ್ಟು ಅಗ್ಗ. ಮೂರನೆಯದು, ವಿಕೆಟ್ಟಿನ ಪಟ್ಟಿಯಲ್ಲಿ ಕಾಣದ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಭ್ಯಾಸದ ವೇಳೆಯಲ್ಲಿ ಹುಡುಗನ ಮಣಿಕಟ್ಟನ್ನು ಹಿಡಿದು ತಿದ್ದುವವನ ಫಲ ಐದು ವರ್ಷದ ಮೇಲೆ ಬೇರೊಬ್ಬನ ಹೆಸರಿನಲ್ಲಿ ಬರುತ್ತದೆ. ನಾಲ್ಕನೆಯದು, ನೆಲವನ್ನೂ ಹವೆಯನ್ನೂ ಬಿಟ್ಟು ಯೋಚಿಸಬಾರದು. ಸೌತಾಂಪ್ಟನ್ನಿಗೆ ಒಪ್ಪುವ ನಿಯಮ ವಿಜಯವಾಡಕ್ಕೆ ಒಪ್ಪದು.

ಐದನೆಯದು, ಇವೆಲ್ಲಕ್ಕಿಂತ ಸರಳವಾದುದು. ಆದರೆ ಹೆಚ್ಚು ಉಲ್ಲಂಘನೆಯಾಗುವುದೂ ಅದೇ. ತೀರ್ಮಾನ ಏನೇ ಆಗಲಿ, ಅದನ್ನು ಆಟಗಾರನಿಗೆ ಸಕಾಲದಲ್ಲಿ, ಮುಖತಃ ತಿಳಿಸಬೇಕು. ಕೌಂಟಿಯ ಕರಾರು ಎಷ್ಟೇ ಕಠಿಣವಾದರೂ ಅದಕ್ಕೊಂದು ಕೊನೆಯ ತಾರೀಖಿದೆ. ಆ ತಾರೀಖು ಕ್ಲಬ್ಬನ್ನು ಮಾತನಾಡಲು ಒತ್ತಾಯಪಡಿಸುತ್ತದೆ. ಭಾರತದ ರಾಜ್ಯ ಸಂಸ್ಥೆಗಳಲ್ಲಿ ಅಂಥ ಒತ್ತಾಯವಿಲ್ಲ. ೨೦೨೨ರಲ್ಲಿ ಭಾರತೀಯ ಮಂಡಲಿ ಮಾಜಿ ಆಟಗಾರರ ತಿಂಗಳ ಪಿಂಚಣಿಯನ್ನು ಹೆಚ್ಚಿಸಿ, ಪ್ರಥಮದರ್ಜೆಯವರ ಕನಿಷ್ಠ ಮೊತ್ತವನ್ನು ೧೫,೦೦೦ದಿಂದ ೩೦,೦೦೦ ರೂಪಾಯಿಗೆ ಏರಿಸಿದುದು ಸ್ವಾಗತಾರ್ಹವಾದ ಕೆಲಸ. ಆದರೆ ಪಿಂಚಣಿ ಹೊಟ್ಟೆಯ ಪ್ರಶ್ನೆಗೆ ಉತ್ತರವೇ ಹೊರತು ಮಾನದ ಪ್ರಶ್ನೆಗಲ್ಲ. ರಾಜ್ಯ ಸಂಸ್ಥೆಗಳು ತಮ್ಮ ಆಟಗಾರರೊಡನೆ ವರ್ಷದ ಕರಾರು ಮಾಡಿಕೊಳ್ಳುವ ಪದ್ಧತಿ ಬೇರೂರಿದರೆ, ಮೂವತ್ತೈದರ ಬೌಲರನು ಪತ್ರಿಕೆಯಲ್ಲಿ ಅಚ್ಚಾದ ಪಟ್ಟಿಯನ್ನು ನೋಡಿ ತನ್ನ ನಿವೃತ್ತಿಯನ್ನು ತಿಳಿದುಕೊಳ್ಳಬೇಕಾದ ಸ್ಥಿತಿ ತಪ್ಪೀತು.

ಗಾಡಿಯೆಳೆದ ಎತ್ತು ಮುದಿಯಾದರೆ ರೈತನು ಅದನ್ನು ನೊಗದಿಂದ ಬಿಡಿಸುತ್ತಾನೆ, ಅದರಲ್ಲಿ ತಪ್ಪಿಲ್ಲ. ಒಳ್ಳೆಯ ರೈತನು ಅದರ ಪಕ್ಕದಲ್ಲಿ ಕೆಲವು ದಿನ ಎಳೆಗರುವನ್ನು ಹೂಡಿ ದಾರಿ ಕಲಿಸಿರುತ್ತಾನೆ. ಬಿಡಿಸಿದ ಮೇಲೂ ಕೊಟ್ಟಿಗೆಯಲ್ಲಿ ಅದಕ್ಕೆ ಮೇವಿಟ್ಟಿರುತ್ತಾನೆ. ಕ್ರಿಕೆಟ್ ಸಂಸ್ಥೆಗಳಿಂದ ಅಪೇಕ್ಷಿಸಬೇಕಾದುದು ಇದಕ್ಕಿಂತ ಹೆಚ್ಚಿನದೇನೂ ಅಲ್ಲ. ಇದಕ್ಕಿಂತ ಕಡಿಮೆಯದೂ ಅಲ್ಲ.